ಸ್ಪಿನ್ ಆಗುವಾಗ ವಾಷಿಂಗ್ ಮಷಿನ್ ನಡುಗಿ ಜಾಗ ಬಿಟ್ಟು ಸರಿಯುತ್ತಿದೆ, ಪರಿಹಾರವೇನು?

ಪ್ರಶ್ನೆ: ಬಾಗಲಕೋಟೆ, ನವನಗರದಿಂದ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ 7 ಕೆಜಿ ಸಾಮರ್ಥ್ಯದ ಫ್ರಂಟ್ ಲೋಡ್ ವಾಷಿಂಗ್ ಮಷಿನ್ ಇದ್ದು, ಹಳೆಯ ಬಾಡಿಗೆ ಮನೆಯಲ್ಲಿ ಅದು ಯಾವ ತಕರಾರೂ ಇಲ್ಲದೆ ನಡೆಯುತ್ತಿತ್ತು. ಇದೇ ನವನಗರದ ಬೇರೆ ಸೆಕ್ಟರಿನಲ್ಲಿ ಕಟ್ಟಿಸಿದ ಸ್ವಂತ ಮನೆಗೆ ಬಂದ ಮೇಲೆ ಅದರ ವರ್ತನೆಯೇ ಬದಲಾಗಿದೆ. ಬಟ್ಟೆ ತೊಳೆಯುವಾಗಲೂ ನೀರು ಬದಲಿಸಿ ಜಾಲಿಸುವಾಗಲೂ ಏನೂ ತೊಂದರೆಯಿಲ್ಲ. ಕೊನೆಯಲ್ಲಿ ಸ್ಪಿನ್ ಶುರುವಾಗಿ ವೇಗ ಏರುತ್ತಿದ್ದಂತೆ ಇಡೀ ಯಂತ್ರ ಗಡಗಡ ನಡುಗುತ್ತ ಬಚ್ಚಲ ಮೋರಿಯ ಕಡೆಗೆ ಸ್ವಲ್ಪ ಸ್ವಲ್ಪವೇ ಸರಿಯುತ್ತ ಹೋಗುತ್ತದೆ. ಮೊನ್ನೆ ಅದು ಎಷ್ಟು ಮುಂದೆ ಬಂದಿತ್ತೆಂದರೆ ನಲ್ಲಿಗೆ ಜೋಡಿಸಿದ ಪೈಪು ಬಿಗಿದು ನಿಂತಿತ್ತು, ಪ್ಲಗ್ಗಿನ ವಾಯರೂ ಎಳೆದಂತಾಗಿತ್ತು. ಪಕ್ಕದ ಕೋಣೆಯಲ್ಲಿ ವಯಸ್ಸಾದ ಅತ್ತೆಯವರು ಮಲಗುತ್ತಾರೆ. ಗೋಡೆಯೇ ಅದುರಿದಂತಾಗುತ್ತದೆ ಎಂದು ಅವರು ಹೇಳಿದ ಮೇಲೆ ನನಗೆ ನಿಜವಾಗಿಯೂ ಆತಂಕವಾಗಿದೆ.

ಯಂತ್ರವನ್ನು ಬಚ್ಚಲು ಮನೆಗೆ ಹೊಂದಿಕೊಂಡ ಮೂಲೆಯಲ್ಲಿ ಇಟ್ಟಿದ್ದೇವೆ. ನೀರು ಹರಿದು ಹೋಗಲೆಂದು ಅಲ್ಲಿ ನೆಲಕ್ಕೆ ಇಳಿಜಾರು ಕೊಟ್ಟು ಟೈಲ್ಸ್ ಹಾಕಿಸಲಾಗಿದೆ. ಗುಡಿಸಿ ಒರೆಸಲು ಅನುಕೂಲವಾಗಲೆಂದು ಯಂತ್ರದ ಕೆಳಗೆ ಗಾಲಿಗಳಿರುವ ಸ್ಟ್ಯಾಂಡ್ ಹಾಕಿದ್ದೇವೆ. ಒಂದು ಮೂಲೆ ತಗ್ಗಿದಂತೆ ಕಂಡಿದ್ದರಿಂದ ಆ ಗಾಲಿಯ ಕೆಳಗೆ ಫರ್ಸಿಯ ಚೂರು ಕೊಟ್ಟಿದ್ದೇವೆ. ಒಬ್ಬ ರಿಪೇರಿಯವರು ಫೋನಿನಲ್ಲಿಯೇ ಬೇರಿಂಗ್ ಹೋಗಿದೆ ಎಂದು ಹೇಳಿ ದೊಡ್ಡ ಮೊತ್ತ ಕೇಳಿದರು. ಮನೆ ಕಟ್ಟಿದ ಗೌಂಡಿಯವರು ಕಾಲುಗಳನ್ನು ಸಿಮೆಂಟಿನಲ್ಲಿ ಹೂಳಿಬಿಡೋಣ, ಎಲ್ಲಿಗೆ ಹೋಗುತ್ತದೆ ನೋಡೋಣ ಎನ್ನುತ್ತಾರೆ. ಇವೆರಡರಲ್ಲಿ ಯಾವುದನ್ನಾದರೂ ಮಾಡಿಸುವ ಮೊದಲು ತಿಳಿದವರನ್ನು ಕೇಳುವುದು ಒಳ್ಳೆಯದೆಂದು ಬರೆಯುತ್ತಿದ್ದೇನೆ. ಈ ಸ್ಥಿತಿಯಲ್ಲಿ ಯಂತ್ರವನ್ನು ಬಳಸಬಹುದೇ ಎಂಬುದನ್ನೂ ದಯವಿಟ್ಟು ತಿಳಿಸಿ.

ಉತ್ತರ: ಬೆಳಗಾವಿ, ಉದ್ಯಮಬಾಗದಿಂದ

ಅಕ್ಕನವರೇ, ಎರಡನ್ನೂ ಸದ್ಯಕ್ಕೆ ಮಾಡಿಸಬೇಡಿ. ನಾನು ಇಲ್ಲಿಯ ಒಂದು ವರ್ಕ್‌ಶಾಪಿನಲ್ಲಿ ಪಂಪಿನ ರೋಟರುಗಳನ್ನು ಬ್ಯಾಲೆನ್ಸ್ ಮಾಡುವ ಕೆಲಸದಲ್ಲಿದ್ದೇನೆ. ತಿರುಗುವ ವಸ್ತು ಏಕೆ ನಡುಗುತ್ತದೆ ಎಂದು ಹುಡುಕುವುದೇ ನನ್ನ ದಿನನಿತ್ಯದ ಕೆಲಸವಾದ್ದರಿಂದ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಡ್ರಮ್ಮಿನ ಒಂದು ಬದಿಗೆ ಅರ್ಧ ಕೆಜಿಯಷ್ಟು ಒದ್ದೆ ಬಟ್ಟೆ ಹೆಚ್ಚಾಗಿ ಕುಳಿತಿದೆ ಎಂದಿಟ್ಟುಕೊಳ್ಳಿ. ಅದು ನಡುವಿನಿಂದ 24 ಸೆಂ.ಮೀ. ದೂರದಲ್ಲಿದ್ದು ನಿಮಿಷಕ್ಕೆ 1200 ಸುತ್ತು ತಿರುಗಿದರೆ, ಹೊರಕ್ಕೆ ಎಳೆಯುವ ಬಲ ಸುಮಾರು 190 ಕೆಜಿ ತೂಕಕ್ಕೆ ಸಮವಾಗುತ್ತದೆ. ಅದೇ ಬಟ್ಟೆ 800 ಸುತ್ತಿನಲ್ಲಿ ತಿರುಗಿದರೆ ಸುಮಾರು 86 ಕೆಜಿ ಮಾತ್ರ. ವೇಗ ಇಮ್ಮಡಿಯಾದರೆ ಬಲ ನಾಲ್ಕು ಪಟ್ಟು ಆಗುವುದರಿಂದಲೇ ತೊಳೆಯುವಾಗ ಸುಮ್ಮನಿರುವ ಯಂತ್ರ ಸ್ಪಿನ್ ಹೊತ್ತಿನಲ್ಲಿ ಹೀಗೆ ನಡುಗುತ್ತದೆ. ಇಷ್ಟು ಬಲ ನೇರವಾಗಿ ಹೊರಗಿನ ಡಬ್ಬಿಗೆ ತಾಗಿದರೆ 60–70 ಕೆಜಿ ತೂಗುವ ಯಂತ್ರ ಒಂದು ಕ್ಷಣವೂ ನಿಲ್ಲಲಾರದು. ಹಾಗಾಗಬಾರದೆಂದೇ ಡ್ರಮ್ಮನ್ನು ಹೊತ್ತ ಟಬ್ಬನ್ನು ಮೇಲಿನಿಂದ ಸ್ಪ್ರಿಂಗುಗಳಲ್ಲಿ ತೂಗುಹಾಕಿ, ಕೆಳಗೆ ಶಾಕ್ ಅಬ್ಸಾರ್ಬರ್ ಕೊಟ್ಟು, ಅದರ ಮೈಗೆ ಕಾಂಕ್ರೀಟಿನ ಅಥವಾ ಬೀಡುಕಬ್ಬಿಣದ ಭಾರವಾದ ದಿಮ್ಮಿಗಳನ್ನು ಬಿಗಿದಿರುತ್ತಾರೆ. ಒಳಗಿನ ಟಬ್ಬು ಅಲುಗಾಡಬೇಕು, ಹೊರಗಿನ ಮೈ ನಿಂತಿರಬೇಕು. ಇಡೀ ಏರ್ಪಾಡು ಇದಕ್ಕಾಗಿಯೇ ಇದೆ.

ಆದ್ದರಿಂದ ನಾನು ಕೇಳುವ ಮೊದಲ ಮಾತು: ಮನೆ ಬದಲಿಸುವಾಗ ಯಂತ್ರದ ಹಿಂಬದಿಗೆ ಟ್ರಾನ್ಸಿಟ್ ಬೋಲ್ಟುಗಳನ್ನು ಹಾಕಿದ್ದರೇ, ಹಾಕಿದ್ದರೆ ಬಂದ ಮೇಲೆ ಬಿಚ್ಚಿದ್ದಾರೆಯೇ? ಸಾಮಾನ್ಯವಾಗಿ ಮೂರೋ ನಾಲ್ಕೋ ಉದ್ದನೆಯ ಬೋಲ್ಟುಗಳು ಟಬ್ಬನ್ನು ಹೊರಗಿನ ಮೈಗೆ ಬಿಗಿದು ಹಿಡಿದಿರುತ್ತವೆ. ಅವು ಸಾಗಣೆಗಾಗಿ ಮಾತ್ರ. ಅವುಗಳನ್ನು ಬಿಚ್ಚದೆ ಸ್ಪಿನ್ ಮಾಡಿದರೆ ಮೇಲೆ ಹೇಳಿದ ಬಲವೆಲ್ಲ ಹೊರಮೈಗೆ ಬಂದು, ಯಂತ್ರ ನೆಗೆಯುತ್ತದೆ ಎಂದರೂ ತಪ್ಪಲ್ಲ. ಹಿಂದೆ ಹೋಗಿ ನೋಡಿ: ಆ ತೂತುಗಳಲ್ಲಿ ಪ್ಲಾಸ್ಟಿಕ್ ಮುಚ್ಚಳ ಕುಳಿತಿದ್ದರೆ ಬೋಲ್ಟು ಇಲ್ಲ ಎಂದರ್ಥ, ಬೋಲ್ಟಿನ ತಲೆ ಕಂಡರೆ ಬಿಚ್ಚುವವರೆಗೆ ಯಂತ್ರವನ್ನು ಚಾಲೂ ಮಾಡಲೇಬೇಡಿ.

ಬೋಲ್ಟು ಇಲ್ಲವೆಂದಾದರೆ, ಪ್ಲಗ್ ಕಿತ್ತು, ಇಬ್ಬರು ಸೇರಿ ಗಾಲಿಯ ಸ್ಟ್ಯಾಂಡ್ ತೆಗೆಯಿರಿ. ಗಾಲಿ ಇರುವುದೇ ಉರುಳಲಿಕ್ಕೆ. ಬ್ರೇಕ್ ಹಾಕಿದರೂ ಅದರ ತೆಳುವಾದ ಪಟ್ಟಿಗಳು ಬಾಗಿ ಯಂತ್ರದ ನಡುಕವನ್ನು ಹೆಚ್ಚಿಸುತ್ತವೆ. ಫರ್ಸಿಯ ಚೂರಿಗೂ ಅಲ್ಲಿ ಕೆಲಸವಿಲ್ಲ. ಯಂತ್ರಕ್ಕೆ ತನ್ನದೇ ತಿರುಪಿನ ಕಾಲುಗಳಿರುತ್ತವೆ. ಅವುಗಳನ್ನು ಆದಷ್ಟು ಒಳಕ್ಕೆ ತಿರುಗಿಸಿ ಗಿಡ್ಡ ಮಾಡಿ, ತಗ್ಗಿದ ಕಡೆಯ ಕಾಲನ್ನು ಮಾತ್ರ ಬೇಕಾದಷ್ಟು ಹೊರಗೆ ತನ್ನಿ. ಗೌಂಡಿಯವರ ಬಳಿ ರಸಮಟ್ಟ ಇದ್ದೇ ಇರುತ್ತದೆ; ಅದನ್ನು ಯಂತ್ರದ ನೆತ್ತಿಯ ಮೇಲೆ ಒಮ್ಮೆ ಅಡ್ಡ, ಒಮ್ಮೆ ಉದ್ದ ಇಟ್ಟು ನೋಡಿ.

ಇಲ್ಲಿ ಬಹಳ ಜನ ಗಮನಿಸದ ಒಂದು ಸೂಕ್ಷ್ಮವಿದೆ. ರಸಮಟ್ಟದ ಗುಳ್ಳೆ ನಡುವೆ ನಿಂತ ಮಾತ್ರಕ್ಕೆ ನಾಲ್ಕೂ ಕಾಲುಗಳು ಭಾರ ಹೊತ್ತಿವೆ ಎಂದಾಗುವುದಿಲ್ಲ. ಮೂರು ಕಾಲು ಎಂಥ ನೆಲದ ಮೇಲಾದರೂ ಕೂಡುತ್ತವೆ, ನಾಲ್ಕನೆಯದು ಕೂದಲೆಳೆಯಷ್ಟು ಮೇಲೆ ಉಳಿದುಬಿಡಬಹುದು. ಸ್ಪಿನ್ ಹೊತ್ತಿನಲ್ಲಿ ಆ ಕಾಲು ನೆಲಕ್ಕೆ ಬಡಿಯುತ್ತ ಯಂತ್ರವನ್ನು ಸರಿಸುತ್ತದೆ. ಮುಂದಿನ ಎಡ ಮೂಲೆ ಮತ್ತು ಹಿಂದಿನ ಬಲ ಮೂಲೆಯ ಮೇಲೆ ಕೈಯಿಟ್ಟು ಸರದಿಯಂತೆ ಒತ್ತಿ ನೋಡಿ, ಬಳಿಕ ಉಳಿದೆರಡು ಮೂಲೆಗಳನ್ನು ನೋಡಿ. ಸ್ವಲ್ಪವೂ ತೊನೆಯಬಾರದು. ಇನ್ನೂ ಖಾತ್ರಿ ಬೇಕಾದರೆ ಪ್ರತಿ ಕಾಲಿನ ಕೆಳಗೆ ಕಾಗದದ ತುಂಡು ತೂರಿಸಲು ಯತ್ನಿಸಿ. ಯಾವ ಕಾಲಿನ ಕೆಳಗೆ ಅದು ಸಲೀಸಾಗಿ ಹೋಗುತ್ತದೆಯೋ ಆ ಕಾಲಿನ ಮೇಲೆ ಭಾರ ಬಿದ್ದಿಲ್ಲ. ಎಲ್ಲವೂ ಸರಿಹೋದ ಮೇಲೆ ಕಾಲಿನ ಮೇಲಿರುವ ಚೆಕ್ ನಟ್ಟನ್ನು ಪಾನಾದಿಂದ ಮೇಲಕ್ಕೆ, ಯಂತ್ರದ ತಳಕ್ಕೆ ಒತ್ತಿಕೊಳ್ಳುವಂತೆ ಬಿಗಿಯಿರಿ. ಇದನ್ನು ಬಿಟ್ಟರೆ ಕೆಲವೇ ವಾರಗಳಲ್ಲಿ ಕಾಲು ತಾನೇ ತಿರುಗಿ ಸಡಿಲವಾಗುತ್ತದೆ.

ಆಮೇಲೆ ಡ್ರಮ್ಮನ್ನು ಖಾಲಿ ಇಟ್ಟು ಬರೀ ಸ್ಪಿನ್ ಹಾಕಿ ನೋಡಿ. ಖಾಲಿ ಇದ್ದಾಗ ಯಂತ್ರ ನಿಶ್ಚಲವಾಗಿದ್ದು, ಬಟ್ಟೆ ಹಾಕಿದಾಗ ಮಾತ್ರ ನಡುಗಿದರೆ ಬಟ್ಟೆ ಹಾಕುವ ಕ್ರಮವನ್ನು ಮೊದಲು ನೋಡಬೇಕು. ಖಾಲಿ ಡ್ರಮ್ಮಿನಲ್ಲಿಯೂ ನಡುಗಿದರೆ ನೆಲ, ಕಾಲು ಅಥವಾ ಒಳಗಿನ ಭಾಗಗಳಲ್ಲಿ ದೋಷವಿದೆ. ಇಷ್ಟೂ ಮಾಡದೆ ಫೋನಿನಲ್ಲಿಯೇ ಬೇರಿಂಗ್ ಎಂದು ಹೇಳುವುದು ನ್ಯಾಯವಲ್ಲ. ಬೇರಿಂಗ್ ಸವೆದಿದ್ದರೆ ಯಂತ್ರ ಸರಿಯುವುದಕ್ಕಿಂತ ಮೊದಲು ಗೊರಗೊರ ಶಬ್ದ ಬರಬೇಕು. ಪ್ಲಗ್ ತೆಗೆದು ಡ್ರಮ್ಮನ್ನು ಕೈಯಿಂದ ತಿರುಗಿಸಿದಾಗಲೂ ಅದು ಕೇಳಿಸುತ್ತದೆ.

ಸಿಮೆಂಟಿನ ವಿಷಯ: ಕಾಲು ಹೂತರೆ ಯಂತ್ರ ಸರಿಯುವುದು ನಿಲ್ಲಬಹುದು, ಆದರೆ ನಡುಕದ ಕಾರಣ ಹಾಗೆಯೇ ಉಳಿದು ಅದರ ಪೆಟ್ಟು ಹೊರಮೈಯ ತಗಡಿಗೂ ನಿಮ್ಮ ಗೋಡೆಗೂ ಬೀಳುತ್ತದೆ. ಮುಂದೆ ಕಾಲು ಹೊಂದಿಸಲೂ ಆಗುವುದಿಲ್ಲ, ರಿಪೇರಿಗೆ ಯಂತ್ರವನ್ನು ಸರಿಸಲೂ ಆಗುವುದಿಲ್ಲ.

ಉತ್ತರ: ಮುಧೋಳದಿಂದ

ನಮ್ಮ ಮನೆಯಲ್ಲಿ ಇದೇ ತೊಂದರೆ ಇತ್ತು. ದಪ್ಪನೆಯ ನಾಲ್ಕು ರಬ್ಬರ್ ಪ್ಯಾಡುಗಳನ್ನು ತಂದು ಕಾಲಿನ ಕೆಳಗೆ ಇಟ್ಟ ಮೇಲೆ ಯಂತ್ರ ಸರಿಯುವುದು ನಿಂತಿತು. ಇಷ್ಟೆಲ್ಲ ಬಿಚ್ಚಿ ನೋಡುವ ಅಗತ್ಯವಿದೆಯೇ ಎಂಬುದು ನನ್ನ ಸಂದೇಹ.

ಉತ್ತರ: ಬೆಳಗಾವಿ, ಉದ್ಯಮಬಾಗದಿಂದ

ಮುಧೋಳದ ಸರ್, ಟೈಲ್ಸ್ ನುಣುಪಾಗಿದ್ದು ಸಾಬೂನಿನ ನೀರು ಬೀಳುವ ಜಾಗದಲ್ಲಿ ರಬ್ಬರಿನಿಂದ ಹಿಡಿತ ಹೆಚ್ಚುವುದು ನಿಜ. ಶಬ್ದವೂ ಕೊಂಚ ತಗ್ಗುತ್ತದೆ. ನಿಮ್ಮ ಯಂತ್ರದ ಕಾಲುಗಳು ಮೊದಲೇ ಸಮವಾಗಿದ್ದುದರಿಂದ ಪ್ಯಾಡು ಸಾಕಾಗಿರಬಹುದು. ಆದರೆ ಒಂದು ಕಾಲು ಮೇಲಿರುವ ಯಂತ್ರಕ್ಕೆ ಮೆತ್ತನೆಯ ಪ್ಯಾಡು ಕೊಟ್ಟರೆ ಅದು ಇನ್ನಷ್ಟು ತೊನೆಯುತ್ತದೆ. ಮೊದಲು ಕಾಲುಗಳನ್ನು ಹೊಂದಿಸಿ, ಅದರ ಮೇಲೂ ಬೇಕೆನಿಸಿದರೆ ತೆಳುವಾದ, ಗಟ್ಟಿಯಾದ ಪ್ಯಾಡು ಇಡುವುದು ಸರಿ.

ಉತ್ತರ: ರಬಕವಿ-ಬನಹಟ್ಟಿಯಿಂದ

ಯಂತ್ರದ ಒಳಗಿನ ವಿಷಯ ಅಣ್ಣನವರು ಬರೆದಿದ್ದಾರೆ. ಬಟ್ಟೆಯ ವಿಷಯವನ್ನು ನಾನು ಬರೆಯುತ್ತೇನೆ, ಏಕೆಂದರೆ ನಮ್ಮ ಮನೆಯಲ್ಲಿ ಯಂತ್ರ ನಡುಗುವುದು ನಿಂತದ್ದು ಬಟ್ಟೆ ಹಾಕುವ ರೀತಿ ಬದಲಿಸಿದ ಮೇಲೆಯೇ.

ನಮ್ಮ ಕಡೆ ಪ್ರತಿ ಮನೆಯಲ್ಲಿಯೂ ಕೌದಿ, ಸೊಲ್ಲಾಪುರದ ಚಾದರ, ದಪ್ಪ ಟವೆಲ್ಲು ಇದ್ದೇ ಇರುತ್ತವೆ. ಹಳೆಯ ಸೀರೆಗಳನ್ನು ಪದರ ಪದರವಾಗಿ ಇಟ್ಟು ಹೊಲಿದ ಕೌದಿ ಒಣಗಿದ್ದಾಗ ಹಗುರವೆನಿಸಿದರೂ ನೀರು ಕುಡಿದ ಮೇಲೆ ಇಬ್ಬರು ಹಿಡಿದೆತ್ತಬೇಕಾಗುತ್ತದೆ. ಅಂಥದೊಂದನ್ನೇ ಯಂತ್ರಕ್ಕೆ ಹಾಕಿದರೆ ಅದು ಡ್ರಮ್ಮಿನ ಸುತ್ತ ಹರಡುವುದಿಲ್ಲ. ಮುದ್ದೆಯಾಗಿ ಒಂದೇ ಬದಿಗೆ ಕೂಡುತ್ತದೆ, ಎದುರು ಬದಿ ಖಾಲಿ ಉಳಿಯುತ್ತದೆ. ಸ್ಪಿನ್‌ಗೆ ಮೊದಲು ಯಂತ್ರ ಡ್ರಮ್ಮನ್ನು ಮೆಲ್ಲಗೆ ಅತ್ತಿತ್ತ ತಿರುಗಿಸಿ ಬಟ್ಟೆ ಹರಡಲು ಯತ್ನಿಸುತ್ತದೆ, ಭಾರ ಸಮವಾಗದಿದ್ದರೆ ಮತ್ತೆ ಮತ್ತೆ ಯತ್ನಿಸುತ್ತದೆ. ಉಳಿದ ಸಮಯ ತೋರಿಸುವ ಅಂಕಿ ಕಡಿಮೆಯಾಗದೆ ನಿಂತಲ್ಲಿಯೇ ನಿಂತಿರುವುದು, ಕೊನೆಗೆ ಬಟ್ಟೆ ನೀರು ಸೋರುತ್ತಲೇ ಹೊರಬರುವುದು, ಕೆಲವು ಯಂತ್ರಗಳಲ್ಲಿ ಯುಇ ಅಥವಾ ಯುಬಿ ಎಂಬ ಅಕ್ಷರ ಕಾಣುವುದು, ಇವೆಲ್ಲ ಅದರ ಗುರುತುಗಳು. ಅದನ್ನು ಯಂತ್ರ ಕೆಟ್ಟಿದೆ ಎಂದು ತಿಳಿಯಬಾರದು. ನಿಲ್ಲಿಸಿ, ಬಾಗಿಲು ತೆರೆದು, ಬಟ್ಟೆಯನ್ನು ಬಿಡಿಸಿ ಹರಡಿ ಮತ್ತೆ ಸ್ಪಿನ್ ಹಾಕಬೇಕು.

ಚಾದರ ಒಂದೇ ಇದ್ದರೆ ಜೊತೆಗೆ ಎರಡು ಮೂರು ಟವೆಲ್ಲು ಹಾಕುತ್ತೇನೆ; ಭಾರ ಹಂಚಿಹೋಗುತ್ತದೆ. ಜೀನ್ಸ್ ಪ್ಯಾಂಟುಗಳನ್ನು ತೆಳು ಅಂಗಿಗಳ ಜೊತೆಗೆ ಬೆರೆಸುವುದಿಲ್ಲ, ಭಾರವಾದುದೆಲ್ಲ ಒಂದು ಸರದಿ, ಹಗುರವಾದುದೆಲ್ಲ ಇನ್ನೊಂದು. ಹತ್ತಿ ಸೀರೆ ಮತ್ತು ಧೋತರಗಳು ಒಂದಕ್ಕೊಂದು ಸುತ್ತಿಕೊಂಡು ಹಗ್ಗದಂತೆ ಹೊಸೆದುಕೊಳ್ಳುವುದರಿಂದ ಅವುಗಳನ್ನು ಒಂದೊಂದಾಗಿ ಜಾಳಿಗೆಯ ಚೀಲದಲ್ಲಿ ಹಾಕುವುದು ಉತ್ತಮ. ರೇಷ್ಮೆ ಸೆರಗಿನ ಇಳಕಲ್ ಸೀರೆಯನ್ನಂತೂ ನಾನು ಯಂತ್ರಕ್ಕೆ ಹಾಕುವುದೇ ಇಲ್ಲ. ಡ್ರಮ್ಮನ್ನು ತೀರಾ ತುರುಕಿ ತುಂಬಬಾರದು ಎಂಬುದು ಎಲ್ಲರಿಗೂ ಗೊತ್ತು. ತೀರಾ ಕಡಿಮೆ ಹಾಕಿದರೂ ಅಷ್ಟೇ ತೊಂದರೆ ಎಂಬುದನ್ನು ಮರೆಯುತ್ತೇವೆ.

ಇನ್ನೊಂದು ಎಚ್ಚರಿಕೆ. ರೇನ್‌ಕೋಟು, ಮಕ್ಕಳ ಹಾಸಿಗೆಯ ರಬ್ಬರ್ ಶೀಟು, ನೀರು ಇಳಿಯದ ಹಾಸಿಗೆ ಹೊದಿಕೆ ಇಂಥವನ್ನು ಸ್ಪಿನ್‌ಗೆ ಎಂದೂ ಹಾಕಬಾರದು. ಅವುಗಳ ಮಡಿಕೆಯಲ್ಲಿ ನೀರು ಸಿಕ್ಕಿಕೊಂಡು, ಪೂರ್ಣ ವೇಗದಲ್ಲಿರುವಾಗ ಒಮ್ಮೆಲೇ ಹೊರಬಿದ್ದು ಭಾರ ತಪ್ಪುತ್ತದೆ. ಆಗ ಯಂತ್ರಕ್ಕೆ ಹಾನಿಯಾಗುವುದಷ್ಟೇ ಅಲ್ಲ, ಹತ್ತಿರವಿದ್ದವರಿಗೂ ಅಪಾಯವಾಗಬಹುದು. ಇದನ್ನು ಮನೆಯಲ್ಲಿ ಎಲ್ಲರಿಗೂ ಹೇಳಿಡಿ.

ಉತ್ತರ: ವಿಜಯಪುರದಿಂದ

ಮೇಡಂ, ನಾನು ಇಲ್ಲಿ ವಾಷಿಂಗ್ ಮಷಿನ್ ರಿಪೇರಿ ಮಾಡುತ್ತೇನೆ. ಮೇಲಿನವರು ಹೇಳಿದ್ದೆಲ್ಲ ಸರಿಯಾಗಿದೆ. ಅವೆಲ್ಲ ಮಾಡಿದ ಮೇಲೂ ನಡುಕ ಉಳಿದರೆ ಒಳಗೆ ಏನನ್ನು ನೋಡಬೇಕು ಎಂಬುದನ್ನು ಹೇಳುತ್ತೇನೆ.

ಮನೆ ಬದಲಿಸುವಾಗ ಟ್ರಾನ್ಸಿಟ್ ಬೋಲ್ಟು ಹಾಕದೆಯೇ ಟಂಟಂ ಗಾಡಿಯಲ್ಲಿ ಯಂತ್ರವನ್ನು ಸಾಗಿಸುವುದು ಇಲ್ಲಿ ಸಾಮಾನ್ಯ. ರಸ್ತೆಯ ಪ್ರತಿ ಕುಲುಕಿಗೂ ಒಳಗಿನ ಟಬ್ಬು ಅತ್ತಿತ್ತ ಬಡಿದು, ಮೇಲಿನ ಸ್ಪ್ರಿಂಗ್ ಕೊಂಡಿಯಿಂದ ಕಳಚಬಹುದು, ಇಲ್ಲವೇ ಶಾಕ್ ಅಬ್ಸಾರ್ಬರಿನ ಪಿನ್ ಮುರಿಯಬಹುದು. ಇದನ್ನು ನೀವೇ ಪರೀಕ್ಷಿಸಬಹುದು. ಪ್ಲಗ್ ತೆಗೆದು, ಬಾಗಿಲು ತೆರೆದು, ಡ್ರಮ್ಮಿನ ಕೆಳ ಅಂಚಿನ ಮೇಲೆ ಕೈಯೂರಿ ಜೋರಾಗಿ ಕೆಳಕ್ಕೆ ಒತ್ತಿ ಬಿಡಿ. ಅದು ಮೇಲೆ ಬಂದು ಒಮ್ಮೆಗೇ ನಿಲ್ಲಬೇಕು. ಮೇಲೆ ಕೆಳಗೆ ಹಲವು ಬಾರಿ ಕುಪ್ಪಳಿಸಿದರೆ ಶಾಕ್ ಅಬ್ಸಾರ್ಬರ್ ಹಿಡಿತ ಕಳೆದುಕೊಂಡಿದೆ. ಟಬ್ಬು ಒಂದು ಕಡೆಗೆ ವಾಲಿ ಕುಳಿತಂತೆ ಕಂಡರೆ ಸ್ಪ್ರಿಂಗ್ ನೋಡಬೇಕು. ಬಳಿಕ ಒಳಗಿನ ಡ್ರಮ್ಮಿನ ಮೇಲಿನ ಅಂಚನ್ನು ಹಿಡಿದು ಮೇಲಕ್ಕೆತ್ತಿ ನೋಡಿ. ಡ್ರಮ್ಮು ಮತ್ತು ಟಬ್ಬು ಒಟ್ಟಿಗೆ ಏಳಬೇಕು. ಟಬ್ಬು ನಿಂತಲ್ಲಿಯೇ ಇದ್ದು ಡ್ರಮ್ಮು ಮಾತ್ರ ಕಟಕಟನೆ ಅಲುಗಿದರೆ ಆಗ ಬೇರಿಂಗ್ ಎಂದೋ, ಡ್ರಮ್ಮನ್ನು ಹಿಂದಿನಿಂದ ಹಿಡಿದಿರುವ ಮೂರು ತೋಳಿನ ಅಲ್ಯುಮಿನಿಯಂ ಭಾಗ ಬಿರುಕು ಬಿಟ್ಟಿದೆ ಎಂದೋ ಹೇಳಬಹುದು. ಬೋರ್‌ವೆಲ್ಲಿನ ಸವಳು ನೀರು ಬಳಸುವ ಮನೆಗಳಲ್ಲಿ, ಪುಡಿಯನ್ನು ಅತಿಯಾಗಿ ಹಾಕುವ ಮನೆಗಳಲ್ಲಿ ಆ ಭಾಗದ ಮೇಲೆ ಹೊಪ್ಪಳಿಕೆ ಕಟ್ಟಿ, ಅದು ಕೊರೆದುಹೋಗಿ ಮುರಿಯುವುದನ್ನು ನೋಡುತ್ತಿರುತ್ತೇನೆ. ಸವೆದ ಶಾಕ್ ಅಬ್ಸಾರ್ಬರಿಗೆ ಎಣ್ಣೆ ಬಿಟ್ಟು ಸರಿಮಾಡಲು ಹೋಗಬೇಡಿ. ತಿಕ್ಕಾಟದಿಂದಲೇ ಅದು ಕೆಲಸ ಮಾಡುವುದು, ಎಣ್ಣೆ ಬಿದ್ದರೆ ಇದ್ದ ಹಿಡಿತವೂ ಹೋಗುತ್ತದೆ. ಬದಲಿಸುವುದಾದರೆ ಎಲ್ಲವನ್ನೂ ಒಟ್ಟಿಗೆ ಬದಲಿಸಿ.

ಟಾಪ್ ಲೋಡ್ ಇರುವವರು ಓದುತ್ತಿದ್ದರೆ ಅವರಿಗಾಗಿ: ನಿಮ್ಮ ಯಂತ್ರದಲ್ಲಿ ಟಬ್ಬು ನಾಲ್ಕು ಸಸ್ಪೆನ್ಶನ್ ರಾಡುಗಳ ಮೇಲೆ ತೂಗುತ್ತಿರುತ್ತದೆ, ಸ್ಪಿನ್ ಹೊತ್ತಿನಲ್ಲಿ ಟಬ್ಬು ಯಂತ್ರದ ಹೊರಮೈಗೆ ಢಬಢಬ ಬಡಿದರೆ ಮೊದಲು ಆ ರಾಡುಗಳನ್ನೇ ನೋಡಬೇಕು. ಅಲ್ಲಿಯೂ ನಾಲ್ಕನ್ನೂ ಒಟ್ಟಿಗೇ ಬದಲಿಸುವುದು ಕ್ರಮ. ಸೆಮಿ ಆಟೋಮ್ಯಾಟಿಕ್ ಯಂತ್ರದಲ್ಲಿ ಬಟ್ಟೆಯನ್ನು ಸುತ್ತಲೂ ಸಮವಾಗಿ ಒತ್ತಿ, ಮೇಲೆ ಕೊಟ್ಟಿರುವ ಪ್ಲಾಸ್ಟಿಕ್ ಜಾಲರಿ ಮುಚ್ಚಳವನ್ನು ಇಟ್ಟೇ ಹಿಂಡಬೇಕು.

ನೆಲದ ಬಗ್ಗೆ ಒಂದು ಮಾತು. ನಮ್ಮ ಎರಡೂ ಜಿಲ್ಲೆಗಳಲ್ಲಿ ಎರೆ ಮಣ್ಣು ಹೆಚ್ಚು. ಅದು ಮಳೆಗಾಲದಲ್ಲಿ ನೀರು ಹೀರಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಅಂಥ ಮಣ್ಣಿನ ಮೇಲೆ ಸರಿಯಾಗಿ ಮುರ್ರಮ್ (ಗರಸು ಮಣ್ಣು) ತುಂಬಿಸದೆ ಹಾಸಿದ ಕೆಳ ಅಂತಸ್ತಿನ ನೆಲ ವರ್ಷದ ಉದ್ದಕ್ಕೂ ಒಂದೇ ಮಟ್ಟದಲ್ಲಿ ಇರುವುದಿಲ್ಲ. ಆದ್ದರಿಂದ ಮಳೆ ಮುಗಿದ ಮೇಲೊಮ್ಮೆ, ಬಿಸಿಲು ಏರಿದ ಮೇಲೊಮ್ಮೆ ಯಂತ್ರದ ಮೂಲೆಗಳನ್ನು ಒತ್ತಿ ನೋಡುವ ರೂಢಿ ಇಟ್ಟುಕೊಳ್ಳಿ. ಕಾಲಿನ ಕೆಳಗಿನ ಟೈಲ್ಸನ್ನು ಕೀಲಿಯಿಂದ ತಟ್ಟಿದಾಗ ಟೊಳ್ಳು ಶಬ್ದ ಬಂದರೆ ಕೆಳಗೆ ಸಿಮೆಂಟ್ ಪೂರ್ತಿ ಕುಳಿತಿಲ್ಲ. ಆ ಟೈಲ್ಸ್ ಇಂದಲ್ಲ ನಾಳೆ ಸೀಳುತ್ತದೆ.

ಪ್ರಶ್ನೆ ಕೇಳಿದವರಿಂದ: ಬಾಗಲಕೋಟೆ, ನವನಗರ

ಎಲ್ಲರಿಗೂ ತುಂಬು ಮನಸ್ಸಿನ ಧನ್ಯವಾದಗಳು. ಹೇಳಿದ ಕ್ರಮದಲ್ಲಿಯೇ ನೋಡಿದೆವು. ಹಿಂಬದಿಯ ತೂತುಗಳಲ್ಲಿ ಮುಚ್ಚಳಗಳಿವೆ, ಬೋಲ್ಟು ಇಲ್ಲ. ಆದರೆ ಸಾಗಿಸುವಾಗ ಬೋಲ್ಟು ಹಾಕಿರಲಿಲ್ಲ ಎಂಬುದು ಗಾಡಿಯವರನ್ನು ಕೇಳಿದಾಗ ತಿಳಿಯಿತು. ಸ್ಟ್ಯಾಂಡ್ ತೆಗೆದು ಕಾಗದ ತೂರಿಸಿದಾಗ ಮೋರಿಯ ಕಡೆಗಿನ ಮುಂಗಾಲಿನ ಕೆಳಗೆ ಅದು ಸಲೀಸಾಗಿ ಹೋಯಿತು, ಅದರ ಚೆಕ್ ನಟ್ಟು ಬೆರಳಿನಿಂದಲೇ ತಿರುಗುತ್ತಿತ್ತು. ಯಜಮಾನರು ಕಾಲು ಹೊಂದಿಸಿ ಬಿಗಿದ ಮೇಲೆ ಖಾಲಿ ಸ್ಪಿನ್‌ನಲ್ಲಿ ಯಂತ್ರ ಅಲುಗಲಿಲ್ಲ, ದಿನಬಳಕೆಯ ಬಟ್ಟೆ ಹಾಕಿದಾಗಲೂ ಸರಿಯಲಿಲ್ಲ. ಅತ್ತೆಯವರಿಗೆ ಸಮಾಧಾನವಾಗಿದೆ.

ಆದರೆ ಚಾದರಗಳನ್ನು ಟವೆಲ್ಲಿನ ಜೊತೆಗೆ ಹಾಕಿದಾಗ ವೇಗ ಏರುವ ಹಂತದಲ್ಲಿ ಒಳಗಿನಿಂದ ಢಬಢಬ ಬಡಿತ ಕೇಳುತ್ತದೆ. ಪೂರ್ಣ ವೇಗಕ್ಕೆ ಹೋದ ಮೇಲೆ ತಗ್ಗುತ್ತದೆ. ಡ್ರಮ್ಮನ್ನು ಒತ್ತಿ ಬಿಟ್ಟಾಗ ಅದು ಒಮ್ಮೆಗೇ ನಿಲ್ಲದೆ ಕುಪ್ಪಳಿಸುತ್ತದೆ. ಎತ್ತಿ ನೋಡಿದರೆ ಡ್ರಮ್ಮು ಪ್ರತ್ಯೇಕವಾಗಿ ಅಲುಗುವುದಿಲ್ಲ, ತಿರುಗಿಸಿದರೆ ಶಬ್ದವೂ ಇಲ್ಲ. ಇನ್ನು, ಇಳಿಜಾರು ತಪ್ಪಿಸಲು ಅಲ್ಲೊಂದು ಕಟ್ಟೆ ಕಟ್ಟಿಸಿದರೆ ಹೇಗೆ?

ಉತ್ತರ: ವಿಜಯಪುರದಿಂದ

ಮೇಡಂ, ಹಾಗಿದ್ದರೆ ಬೇರಿಂಗ್ ಚೆನ್ನಾಗಿದೆ, ಅದನ್ನು ಮುಟ್ಟಿಸಬೇಡಿ. ವೇಗ ಏರುವ ಹಂತದಲ್ಲಿ ಟಬ್ಬು ಎಲ್ಲಕ್ಕಿಂತ ಹೆಚ್ಚು ಓಲಾಡುವುದು ಸಹಜ, ಆ ಓಲಾಟವನ್ನು ತಡೆಯುವುದೇ ಶಾಕ್ ಅಬ್ಸಾರ್ಬರಿನ ಕೆಲಸ; ನಿಮ್ಮ ಲಕ್ಷಣಗಳೆಲ್ಲ ಅದರ ಕಡೆಗೇ ತೋರಿಸುತ್ತವೆ. ಬಂದವರಿಗೆ ಟಬ್ಬಿಗೆ ಬಿಗಿದ ಕಾಂಕ್ರೀಟ್ ದಿಮ್ಮಿಯ ಬೋಲ್ಟುಗಳನ್ನೂ ಒಮ್ಮೆ ಬಿಗಿದು ನೋಡಲು ಹೇಳಿ, ಏಕೆಂದರೆ ಸಾಗಣೆಯ ಕುಲುಕಿಗೆ ಅವೂ ಸಡಿಲವಾಗಿರಬಹುದು. ಹಳೆಯ ಬಿಡಿಭಾಗವನ್ನು ನಿಮ್ಮ ಕೈಗೆ ಕೊಡಲು ಕೇಳಿ. ಅದರ ದಂಡವನ್ನು ಎಳೆದು ಒತ್ತಿದಾಗ ಬಿಗಿ ಇಲ್ಲದೆ ಸಲೀಸಾಗಿ ಜಾರಿದರೆ ಅದು ಸವೆದಿರುವುದು ನಿಮಗೇ ಗೊತ್ತಾಗುತ್ತದೆ. ಅಲ್ಲಿಯವರೆಗೆ ಚಾದರ, ಕೌದಿಗಳಿಗೆ ಸ್ಪಿನ್ ವೇಗವನ್ನು 800ಕ್ಕೆ ಇಳಿಸಿಯೇ ಬಳಸಿ.

ಕಟ್ಟೆ ಕಟ್ಟಿಸುವುದು ಒಳ್ಳೆಯದೇ. ಆದರೆ ಇಟ್ಟಿಗೆ ಜೋಡಿಸಿ ಮೇಲೆ ಫರ್ಸಿ ಮುಚ್ಚಿದ ಟೊಳ್ಳು ಕಟ್ಟೆ ಬೇಡ. ಟೈಲ್ಸ್ ಕಿತ್ತು, ಕೆಳಗಿನ ಕಾಂಕ್ರೀಟಿಗೆ ಅಂಟಿಕೊಳ್ಳುವಂತೆ ಗಟ್ಟಿಯಾಗಿ ತುಂಬಿದ ಕಟ್ಟೆಯಾಗಲಿ. ಯಂತ್ರಕ್ಕಿಂತ ಸುತ್ತಲೂ ಕೆಲವು ಇಂಚು ಅಗಲವಿರಲಿ, ಮುಂದಿನ ಅಂಚಿಗೆ ಎರಡು ಬೆರಳಿನಷ್ಟು ದಿಂಡು ಕೊಡಿಸಿ. ಮೇಲೆ ಇಳಕಲ್ ಗ್ರಾನೈಟ್ ಹಾಸುವ ಮನಸ್ಸಿದ್ದರೆ ಪಾಲಿಶ್ ಇಲ್ಲದ ಒರಟು ಮೈಯದನ್ನೇ ಕೇಳಿ, ಇಲ್ಲವಾದರೆ ಬರೀ ಸಿಮೆಂಟಿನ ಒರಟು ಗಿಲಾವೇ ಸಾಕು. ಕಾಂಕ್ರೀಟಿಗೆ ಚೆನ್ನಾಗಿ ನೀರುಣಿಸಿ, ಪೂರ್ತಿ ಗಟ್ಟಿಯಾದ ಮೇಲೆಯೇ ಯಂತ್ರವನ್ನು ಏರಿಸಿ, ಕಾಲುಗಳನ್ನು ಮತ್ತೊಮ್ಮೆ ಹೊಂದಿಸಿಕೊಳ್ಳಿ.